ಗಾಳದವರ ಮೀನಿನ ಲೆಕ್ಕ ಬರೆಯೋದು ಹೇಗೆ: ಕಂಡದ್ದು ಒಂದು ಕಡೆ, ಕೇಳಿದ್ದು ಇನ್ನೊಂದು ಕಡೆ

ನಮ್ಮ ಮಲ್ಪೆ ಬಂದರಲ್ಲಿ ಬೆಳಿಗ್ಗೆ ಬೋಟು ಬಂದು ಬುಟ್ಟಿ ಇಳಿಸುವಾಗ ಒಬ್ರು ಪುಸ್ತಕ ಪೆನ್ಸಿಲ್ ಹಿಡ್ಕೊಂಡು ನಿಂತಿರ್ತಾರಲ್ಲ, ಎಷ್ಟು ಬುಟ್ಟಿ ಬಂಗುಡೆ, ಎಷ್ಟು ಬೂತಾಯಿ ಅಂತ ಬರ್ಕೊಳ್ಳುವವ್ರು, ಕೇಂದ್ರ ಸಾಗರ ಮೀನು ಸಂಶೋಧನಾ ಸಂಸ್ಥೆಯವ್ರು ದೇಶದ ಕರಾವಳಿ ಇಡೀ ಹಾಗೇ ಲೆಕ್ಕ ತೆಗೀತಾರೆ. ಎಲ್ಲ ಬೋಟನ್ನೂ ನೋಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಕೆಲವು ಬಂದರು, ಕೆಲವು ದಿನ, ಕೆಲವು ಬೋಟು ಅಂತ ಆರಿಸಿ ನೋಡಿ ಉಳಿದದ್ದನ್ನು ಅಂದಾಜು ಮಾಡುದು. ನಾನು ಚಿಕ್ಕವನಿದ್ದಾಗ ಅದನ್ನು ನೋಡಿದ್ದೆ, ಅರ್ಥ ಆದದ್ದು ಮಾತ್ರ ಎಷ್ಟೋ ವರ್ಷದ ನಂತರ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ನಾನೇ ಬೋರ್ಡು ತಕ್ಕಡಿ ಹಿಡ್ಕೊಂಡು ಬೋಟನ್ನು ನೀರಿಗೆ ಇಳಿಸಿ ಹತ್ತಿಸುವ ಇಳಿಜಾರಿನ, ಅಂದ್ರೆ ಬೋಟ್ ರ‍್ಯಾಂಪಿನ ಹತ್ರ ನಿಂತಾಗ.

ಇಲ್ಲಿ ಒಂದು ವ್ಯತ್ಯಾಸ ಉಂಟು. ಇಲ್ಲಿ ಲೆಕ್ಕ ತೆಗೀಬೇಕಾದದ್ದು ಮೀನುಗಾರಿಕೆ ಕಸುಬಿನವರದ್ದಲ್ಲ, ಶನಿವಾರ ಭಾನುವಾರ ಗಾಳ ಹಿಡ್ಕೊಂಡು ಸಮುದ್ರಕ್ಕೆ ಬರುವ ಹವ್ಯಾಸಿಗಳದ್ದು. ಅವ್ರು ಮೀನು ಮಾರುದಿಲ್ಲ, ಆದ್ರಿಂದ ಯಾವ ರಸೀದಿಯೂ ಇಲ್ಲ, ಯಾವ ಹರಾಜು ಕಟ್ಟೆಯೂ ಇಲ್ಲ. ಹಿಡಿದದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿಗೇ ವಾಪಸ್ ಬಿಟ್ಟಿರ್ತಾರೆ, ಅದನ್ನು ನೋಡಿದವ್ರು ಯಾರೂ ಇಲ್ಲ. ಅವ್ರ ಮಾತೇ ಸಾಕ್ಷಿ. ಮಂಗಳೂರಲ್ಲಿ ಫಿಶರೀಸ್ ಓದಿ ಈ ಕಡೆ ಎಂಎಸ್‌ಗೆ ಬರುವ ಮಕ್ಕಳು ಬೇಸಿಗೆಯಲ್ಲಿ ಈ ಥರದ ಕೆಲಸ ಸಿಕ್ಕಿದ್ರೆ ಎಂತ ಮಾಡ್ಬೇಕು ಅಂತ ಕೇಳ್ತಾ ಇರ್ತಾರೆ, ಅವ್ರಿಗೋಸ್ಕರ, ಮತ್ತೆ ಊರಲ್ಲಿ ಇಂಥ ಸರ್ವೆ ಶುರು ಮಾಡ್ಬೇಕು ಅಂತ ಆಸೆ ಇರುವವ್ರಿಗೋಸ್ಕರ ಸ್ವಲ್ಪ ಉದ್ದವಾಗಿಯೇ ಬರೀತಾ ಇದ್ದೇನೆ.

ಮೊದ್ಲು ಲೆಕ್ಕದ ಹಿಂದಿರುವ ಲೆಕ್ಕ

ಅಮೆರಿಕದಲ್ಲಿ ಹವ್ಯಾಸಿ ಮೀನುಗಾರರ ಸರ್ವೆ 1979ರಲ್ಲಿ ಶುರು ಆಯ್ತು. 2006ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಅನ್ನುವ ವಿಜ್ಞಾನಿಗಳ ಸಲಹಾ ಮಂಡಳಿ ಅದನ್ನು ಪರಿಶೀಲನೆ ಮಾಡಿ ವಿನ್ಯಾಸದಲ್ಲೇ ದೊಡ್ಡ ತೊಂದರೆ ಉಂಟು ಅಂತ ಹೇಳಿತು, ಅದ್ರ ಮೇಲೆ ಕಾನೂನೇ ತಿದ್ದುಪಡಿ ಆಗಿ ಎಂಆರ್‌ಐಪಿ (ಹವ್ಯಾಸಿ ಸಮುದ್ರ ಮೀನುಗಾರಿಕೆಯ ಮಾಹಿತಿ ಕಾರ್ಯಕ್ರಮ) ಅಂತ ಹೊಸ ಕಾರ್ಯಕ್ರಮ ಬಂತು, ನಡೆಸುದು ನೋವಾ, ಅಂದ್ರೆ ಅಮೆರಿಕ ಸರ್ಕಾರದ ಸಮುದ್ರ ಮತ್ತೆ ವಾತಾವರಣದ ಸಂಸ್ಥೆ. 2013ರಿಂದ ದಡದಲ್ಲಿ ನಿಂತು ಮಾಡುವ ಸರ್ವೆಯ ಪದ್ಧತಿ ಬದಲಾಯ್ತು. 2016ರಿಂದ ಅಟ್ಲಾಂಟಿಕ್ ಕರಾವಳಿಯಲ್ಲಿ ಆಯಾ ರಾಜ್ಯದವ್ರೇ ಅದನ್ನು ಮಾಡ್ತಾರೆ.

ಅದು ಕೆಲಸ ಮಾಡುದು ಎರಡು ಕಾಲಿನ ಮೇಲೆ. ಒಂದು, ಜನ ಎಷ್ಟು ಸಲ ಮೀನು ಹಿಡಿಲಿಕ್ಕೆ ಹೋದ್ರು ಅಂತ ಮನೆಗಳಿಗೆ ಅಂಚೆಯಲ್ಲಿ ಫಾರ್ಮ್ ಕಳ್ಸಿ ಕೇಳುದು. ಇನ್ನೊಂದು, ಒಂದು ಸಲ ಹೋದ್ರೆ ಸರಾಸರಿ ಎಷ್ಟು ಮೀನು ಸಿಕ್ತದೆ ಅಂತ ದಡದಲ್ಲಿ ನಿಂತು ನೋಡುದು. ಎರಡನ್ನೂ ಗುಣಿಸಿದ್ರೆ ಒಟ್ಟು ಮೀನು. ಉದಾಹರಣೆಗೆ ಒಂದು ಟ್ರಿಪ್ಪಿಗೆ ಸರಾಸರಿ ಅರ್ಧ ಮೀನು, ಟ್ರಿಪ್ ಒಂದು ಲಕ್ಷ ಅಂತ ಇಟ್ಕೊಳ್ಳಿ, 50,000 ಮೀನು ಆಯ್ತು. ಈಗ ನಾವು ದಡದಲ್ಲಿ ಖಾಲಿ ಕೈಯವ್ರನ್ನು ಬಿಟ್ಟು ಮೀನು ಸಿಕ್ಕಿದವ್ರನ್ನೇ ಮಾತಾಡಿಸಿ ಸರಾಸರಿಯನ್ನು ಒಂದು ಅಂತ ಮಾಡಿಟ್ರೆ ಕಾಗದದ ಮೇಲೆ 50,000 ಮೀನು ಹೊಸದಾಗಿ ಹುಟ್ಟಿತು. ಆ ಮೀನು ಸಮುದ್ರದಲ್ಲಿ ಯಾವತ್ತೂ ಇರ್ಲಿಲ್ಲ, ಆದ್ರೆ ಕೋಟಾ ದಾಟಿತು ಅಂತ ಸೀಸನ್ ಮುಚ್ಚುವಾಗ ಅದು ಲೆಕ್ಕಕ್ಕೆ ಬರ್ತದೆ. ನಾರ್ತ್ ಕೆರೊಲಿನಾದಲ್ಲಿ 2024ರಲ್ಲಿ ಹವ್ಯಾಸಿಗಳಿಗೆ ಫ್ಲೌಂಡರ್ ಅನ್ನುವ ಚಪ್ಪಟೆ ಮೀನಿನ ಸೀಸನ್ನೇ ತೆರೀಲಿಲ್ಲ, ಹಿಂದಿನ ವರ್ಷ ಕೋಟಾ ಮೀರಿತ್ತು ಅಂತ. ಒಂದೊಂದು ಮೀನಿನ ಗೆರೆಗೂ ಅಷ್ಟು ತೂಕ ಉಂಟು.

ಹೊರಡುವ ಮೊದಲು

ನಿಮ್ಗೆ ಒಂದು ಅಸೈನ್‌ಮೆಂಟ್ ಬರ್ತದೆ: ಇಂಥ ಜಾಗ, ಇಂಥ ದಿನ, ಇಂಥ 6 ಗಂಟೆ. ಅದು ಚೀಟಿ ಎತ್ತಿದ ಹಾಗೆ ಆರಿಸಿದ್ದು, ಆದ್ರೆ ಜಾಸ್ತಿ ಜನ ಬರುವ ಜಾಗಕ್ಕೆ ಜಾಸ್ತಿ ಅವಕಾಶ. ರಾತ್ರಿಯ ಪಾಳಿಯೂ ಬರ್ತದೆ. 2013ರ ಮೊದಲು ಸರ್ವೆಯವ್ರಿಗೆ ಈ ಜಾಗದಲ್ಲಿ ಜನ ಇಲ್ಲ ಅಂದ್ರೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಇತ್ತು, ಈಗ ಇಲ್ಲ, ಯಾಕಂದ್ರೆ ಮನುಷ್ಯ ಎಲ್ಲಿ ಮೀನು ಬರ್ತಾ ಉಂಟೋ ಅಲ್ಲಿಗೇ ಓಡ್ತಾನೆ. ಜಾಗ ಖಾಲಿ ಇದ್ರೆ ಖಾಲಿ ಅಂತ ಬರೀಬೇಕು, ಸಮಯ ಮುಗಿಯುವವರೆಗೆ ನಿಲ್ಲಬೇಕು. ಜನವರಿಯಲ್ಲಿ ಗಾಳಿ ಬೀಸುವ ರ‍್ಯಾಂಪಿನಲ್ಲಿ 6 ಗಂಟೆ ನಿಂತು ಒಬ್ರೂ ಬಾರದೇ ಇದ್ರೆ ಅದು ವ್ಯರ್ಥ ಅಂತ ಅನಿಸ್ತದೆ, ಆದ್ರೆ ಆ ಸೊನ್ನೆ ಇಲ್ಲದಿದ್ರೆ ಜನವರಿಯ ಅಂದಾಜು ಪೂರ್ತಿ ಸುಳ್ಳಾಗ್ತದೆ.

ಚೀಲದಲ್ಲಿ ಎಂತೆಲ್ಲ ಇರ್ಬೇಕು: ಮಿಲಿಮೀಟರ್ ಗುರುತು ಇರುವ ಅಳತೆ ಬೋರ್ಡು, ಕೆಜಿಯಲ್ಲಿ ತೋರಿಸುವ ತಕ್ಕಡಿ, ದೊಡ್ಡ ಮೀನಿಗೆ ಟೇಪು, ಮೀನು ಗುರುತಿಸುವ ಪುಸ್ತಕ, ಟ್ಯಾಬ್ಲೆಟ್ಟು, ಟ್ಯಾಬ್ಲೆಟ್ ಸತ್ತರೆ ಇರ್ಲಿ ಅಂತ ನೀರಿಗೆ ಹಾಳಾಗದ ಕಾಗದ ಮತ್ತೆ ಪೆನ್ಸಿಲ್. ಪೆನ್ನು ಬೇಡ, ಒದ್ದೆ ಕೈಗೆ ಶಾಯಿ ಹರಡಿ 0 ಯಾವುದು 6 ಯಾವುದು ಗೊತ್ತಾಗುದಿಲ್ಲ. ರಾತ್ರಿಗೆ ಹೆಡ್‌ಲೈಟು. ಒಂದು ಹಳೇ ಟವಲ್, ಯಾಕಂದ್ರೆ ಬೇರೆಯವ್ರ ಮೀನು ಮುಟ್ಟಿದ ಮೇಲೆ ಅವ್ರ ಕೂಲರಿನ, ಅಂದ್ರೆ ಮಂಜಿನ ಪೆಟ್ಟಿಗೆಯ, ಮುಚ್ಚಳ ನಾವೇ ಒರೆಸಿ ಕೊಡುದು ಮರ್ಯಾದೆ. ತಕ್ಕಡಿಯನ್ನು ಮನೆಯಲ್ಲೇ ಗೊತ್ತಿರುವ ತೂಕ ಇಟ್ಟು ಒಂದ್ಸಲ ನೋಡ್ಕೊಳ್ಳಿ.

ಯಾರ ಹತ್ರ ಮಾತಾಡ್ಬೇಕು

ಮೂರು ವಿಷಯ ಕೇಳಿ ಖಾತ್ರಿ ಮಾಡ್ಕೊಳ್ಬೇಕು. ಇವತ್ತು ಉಪ್ಪುನೀರಲ್ಲಿ ಮೀನಿಗೆ ಗಾಳ ಹಾಕಿದ್ರಾ, ಅದು ಹವ್ಯಾಸಕ್ಕಾ, ಇವತ್ತಿನ ಮಟ್ಟಿಗೆ ಮುಗೀತಾ. ಏಡಿ, ಸಿಗಡಿ ಹಿಡಿಲಿಕ್ಕೆ ಮಾತ್ರ ಬಂದವ್ರು ಈ ಲೆಕ್ಕದಲ್ಲಿ ಇಲ್ಲ. ಮುಗೀಲಿಲ್ಲ, ಊಟ ಮಾಡಿ ವಾಪಸ್ ಹೋಗ್ತೇನೆ ಅಂದವ್ರನ್ನು ಈಗ ಕೇಳಬಾರ್ದು, ಅರ್ಧ ದಿನದ ಮೀನು ಪೂರ್ತಿ ದಿನದ್ದು ಅಂತ ಆಗಿಬಿಡ್ತದೆ.

ನನ್ನ ಮೊದಲ ವಾರದಲ್ಲಿ ಒಂದು ಸಂಜೆ ರ‍್ಯಾಂಪಿಗೆ ಎರಡು ಬೋಟು ಒಟ್ಟಿಗೆ ಬಂತು. ಒಂದ್ರಲ್ಲಿ ಕೂಲರ್ ಎತ್ಲಿಕ್ಕೆ ಇಬ್ರು ಬೇಕಾಗಿತ್ತು, ಇನ್ನೊಂದ್ರಲ್ಲಿ ಅಪ್ಪ ಮಗಳು, ಬರೀ ಗಾಳ, ಮುಖ ಸಪ್ಪೆ. ನನ್ನ ಕಾಲು ತನ್ನಷ್ಟಕ್ಕೆ ಕೂಲರಿನ ಕಡೆ ನಡೀತು. ಆ ಅಪ್ಪ ಮಗಳು ಟ್ರೇಲರ್ ಕಟ್ಟಿ ಹೋದ್ಮೇಲೆ ನನ್ಗೆ ತರಬೇತಿ ಕೊಡುತ್ತಿದ್ದವ್ರು ಮೆಲ್ಲ ಹೇಳಿದ್ರು, ಈಗ ಹೋದದ್ದು ಎರಡು ಸೊನ್ನೆ, ಅದನ್ನು ಎಲ್ಲಿಂದ ತರ್ತೀ ಅಂತ. ಅವತ್ತಿಂದ ನಾನು ಒಂದು ಕ್ರಮ ಇಟ್ಕೊಂಡಿದ್ದೇನೆ: ಒಟ್ಟಿಗೆ ಬಂದ್ರೆ ನೀರಿಂದ ಮೊದಲು ಮೇಲೆ ಬಂದವ್ರನ್ನು ಮೊದಲು, ಮೀನನ್ನು ನೋಡಿ ಅಲ್ಲ.

ಎಲ್ಲರನ್ನೂ ಕೇಳ್ಲಿಕ್ಕೆ ಆಗುದಿಲ್ಲ, ಅದಕ್ಕೆ ಬೇಸರ ಬೇಡ. ಆದ್ರೆ ತಪ್ಪಿಹೋದವ್ರನ್ನು ಎಣಿಸಲೇಬೇಕು. ಈ 6 ಗಂಟೆಯಲ್ಲಿ ಮೀನು ಹಿಡಿದು ಮುಗಿಸಿ ಹೋದವ್ರು ಒಟ್ಟು ಎಷ್ಟು, ಅದ್ರಲ್ಲಿ ಮಾತಾಡಿದ್ದು ಎಷ್ಟು, ಬೇಡ ಅಂದವ್ರು ಎಷ್ಟು, ನಾನು ಬೇರೆಯವ್ರ ಹತ್ರ ಇದ್ದಾಗ ಹೋದವ್ರು ಎಷ್ಟು. ಬೆರಳಲ್ಲಿ ಒತ್ತುವ ಕೌಂಟರ್ ಒಂದು ಜೇಬಲ್ಲಿ ಇದ್ರೆ ಒಳ್ಳೇದು. ನೀವು ಮಾತಾಡಿದ ಒಬ್ಬೊಬ್ರು ಎಷ್ಟು ಜನರ ಪ್ರತಿನಿಧಿ ಅಂತ ಆಮೇಲೆ ಲೆಕ್ಕ ಹಾಕುದು ಈ ಎಣಿಕೆಯಿಂದಲೇ.

ಬೇಡ ಅಂದವ್ರಿಗೆ ಒತ್ತಾಯ ಇಲ್ಲ. ಇದು ಐಚ್ಛಿಕ, ಹೆಸರು ಗುಟ್ಟಾಗಿ ಇರ್ತದೆ. ನೀವು ವಾರ್ಡನ್ ಅಲ್ಲ, ದಂಡ ಹಾಕುವವ್ರಲ್ಲ, ಅದನ್ನು ಶುರುವಿಗೇ ಹೇಳಿ. ಕೂಲರಲ್ಲಿ ಅಳತೆಗಿಂತ ಸಣ್ಣ ಮೀನು ಕಂಡ್ರೂ ಮುಖದಲ್ಲಿ ಎಂತದೂ ತೋರಿಸದೆ ಅಳೆದು ಬರ್ಕೊಳ್ಳಿ. ಒಂದ್ಸಲ ಹುಬ್ಬು ಏರಿಸಿದ್ರೆ ಸಾಕು, ಆ ರ‍್ಯಾಂಪಲ್ಲಿ ಮುಂದಿನ ತಿಂಗಳು ಯಾರೂ ನಿಮ್ಗೆ ಕೂಲರ್ ತೆರೆದು ತೋರಿಸುದಿಲ್ಲ.

ಪ್ರಶ್ನೆ ಇದ್ದ ಹಾಗೇ, ಇದ್ದ ಕ್ರಮದಲ್ಲೇ

ಎಲ್ಲಿ ಹಿಡಿದ್ರಿ, ದಡದಿಂದಲೋ ಬೋಟಿಂದಲೋ, ನಾರ್ತ್ ಕೆರೊಲಿನಾದಲ್ಲಾದ್ರೆ ತೀರದಿಂದ 3 ಮೈಲಿ ಒಳಗೋ ಹೊರಗೋ, ಎಷ್ಟು ಗಂಟೆ ಗಾಳ ನೀರಲ್ಲಿ ಇತ್ತು, ಯಾವ ಮೀನಿಗೆ ಅಂತ ಹೋದದ್ದು, ಯಾವ ಊರು, ಕಳೆದ 2 ತಿಂಗಳಲ್ಲಿ ಎಷ್ಟು ದಿನ, 12 ತಿಂಗಳಲ್ಲಿ ಎಷ್ಟು ದಿನ. ಗಂಟೆ ಕೇಳುವಾಗ ಮನೆಯಿಂದ ಹೊರಟು ವಾಪಸ್ ಬರುವವರೆಗಿನದ್ದು ಹೇಳಿಬಿಡ್ತಾರೆ, ನಮ್ಗೆ ಬೇಕಾದದ್ದು ಗಾಳ ಹಾಕಿದ ಹೊತ್ತು ಮಾತ್ರ. 'ಯಾವ ಮೀನಿಗೆ' ಅನ್ನುದನ್ನು ಮೀನು ನೋಡುವ ಮೊದಲೇ ಕೇಳ್ಬೇಕು, ಮೀನು ಎದುರು ಇದ್ರೆ ಸಿಕ್ಕಿದ್ದೇ ಗುರಿ ಆಗಿರ್ತದೆ.

ಯಾವ ಊರು ಅನ್ನುದು ಸುಮ್ನೆ ಕೇಳುದಲ್ಲ. ಅಂಚೆ ಫಾರ್ಮು ಹೋಗುದು ಆ ರಾಜ್ಯದ ಮನೆಗಳಿಗೆ, ಆದ್ರೆ ನಾರ್ತ್ ಕೆರೊಲಿನಾದ ತೀರದ ಉದ್ದಕ್ಕಿರುವ ಔಟರ್ ಬ್ಯಾಂಕ್ಸ್ ದ್ವೀಪಗಳಿಗೆ ಬೇಸಿಗೆಯಲ್ಲಿ ಬರುವವ್ರು ವರ್ಜೀನಿಯಾ, ಪೆನ್ಸಿಲ್ವೇನಿಯಾ ಅಂತ ಎಲ್ಲೆಲ್ಲಿಂದಲೋ. ಅಂಚೆಗೆ ಸಿಕ್ಕದ ಅವ್ರ ಪಾಲು ಎಷ್ಟು ಅಂತ ತಿಳಿಯುದು ದಡದಲ್ಲಿ ನೀವು ಬರೆದ ಉತ್ತರದಿಂದ.

ನಾನೇ ಪ್ರಶ್ನೆಯನ್ನು ಸ್ವಲ್ಪ ಚಂದ ಮಾಡಿ ಕೇಳ್ತೇನೆ ಅಂತ ಹೊರಡಬೇಡಿ. ಅಂಚೆ ಸರ್ವೆಯಲ್ಲಿ 2 ತಿಂಗಳ ಪ್ರಶ್ನೆ ಮೊದಲು, 12 ತಿಂಗಳದ್ದು ಆಮೇಲೆ ಇತ್ತು. ಇದನ್ನು ತಿರುಗಿಸಿ ಕೇಳಿದ್ರೆ ಎಂತ ಆಗ್ತದೆ ಅಂತ ನೋವಾದವ್ರು ಪ್ರಾಯೋಗಿಕವಾಗಿ ನೋಡಿದ್ರು, 2023ರಲ್ಲಿ ಫಲಿತಾಂಶ ಹೊರಗೆ ಬಂತು: ಟ್ರಿಪ್ಪಿನ ಅಂದಾಜು ಸಾಮಾನ್ಯವಾಗಿ ಶೇಕಡಾ 30ರಿಂದ 40ರಷ್ಟು ಕಡಿಮೆ. ಪ್ರಶ್ನೆ ಅದೇ, ಜನ ಅಂಥವ್ರೇ, ಹಿಂದೆ ಮುಂದೆ ಆದದ್ದಕ್ಕೆ ಅಷ್ಟು ವ್ಯತ್ಯಾಸ. ನನ್ಗೆ ಅದನ್ನು ಓದಿದ ದಿನ ಮೈ ಜುಂ ಅಂದಿತು, ಇಷ್ಟು ವರ್ಷ ನಾನು ಎಷ್ಟು ಪ್ರಶ್ನೆಯನ್ನು ನನ್ನ ಮಾತಲ್ಲಿ ಕೇಳಿದ್ದೇನೋ ಅಂತ.

ಎ, ಬಿ1, ಬಿ2: ಮೂರು ಪೆಟ್ಟಿಗೆ

ಈ ಕೆಲಸದ ಜೀವ ಇಲ್ಲಿರುದು. ಒಬ್ರು ಹಿಡಿದ ಪ್ರತಿಯೊಂದು ಮೀನೂ ಮೂರರಲ್ಲಿ ಒಂದು ಕಡೆ ಹೋಗ್ಬೇಕು, ಎರಡು ಕಡೆ ಹೋಗಬಾರ್ದು, ಎಲ್ಲೂ ಹೋಗದೇ ಇರ್ಲೂಬಾರ್ದು.

ಎ ಅಂದ್ರೆ ಇಡೀ ಮೀನು ದಡಕ್ಕೆ ಬಂದು, ನೀವು ನಿಮ್ಮ ಕಣ್ಣಲ್ಲಿ ನೋಡಿ, ಗುರುತಿಸಿ, ಎಣಿಸಿದ್ದು. ಬಿ1 ಅಂದ್ರೆ ಸತ್ತಿದೆ ಆದ್ರೆ ನಿಮ್ಗೆ ಇಡಿಯಾಗಿ ಕಾಣ್ಲಿಕ್ಕೆ ಸಿಕ್ಕಲಿಲ್ಲ, ಬೋಟಲ್ಲೇ ಕೊಯ್ದು ತುಂಡು ಮಾಡಿದ್ದು, ಎರೆಗೆ ಬಳಸಿದ್ದು, ಸತ್ತದ್ದನ್ನು ನೀರಿಗೆ ಎಸೆದದ್ದು, ಬೇರೆಯವ್ರಿಗೆ ಕೊಟ್ಟು ಕಳ್ಸಿದ್ದು. ಬಿ2 ಅಂದ್ರೆ ಜೀವಂತ ವಾಪಸ್ ಬಿಟ್ಟದ್ದು. ಎ ಮತ್ತೆ ಬಿ1 ಸೇರಿದ್ರೆ ಸಮುದ್ರದಿಂದ ಹೋದದ್ದು. ಮೂರೂ ಸೇರಿದ್ರೆ ಒಟ್ಟು ಹಿಡಿದದ್ದು.

ನೋಡಿ, ಎ ಒಂದೇ ನೀವು ಕಂಡದ್ದು. ಉಳಿದ ಎರಡೂ ಕೇಳಿದ್ದು. ಕೇಳಿದ್ದು ಸುಳ್ಳು ಅಂತ ಅಲ್ಲ, ಆದ್ರೆ ಅದರ ನಂಬಿಕೆಯ ಮಟ್ಟ ಬೇರೆ, ಅದನ್ನು ಬಳಸುವ ರೀತಿಯೂ ಬೇರೆ. ಕೂಲರ್ ತೋರಿಸ್ಲಿಕ್ಕೆ ಪುರುಸೊತ್ತು ಇಲ್ಲ, ಒಳಗೆ 4 ರೆಡ್ ಡ್ರಮ್ ಮೀನು ಉಂಟು ಬರ್ಕೊಳ್ಳಿ ಅಂತ ಅವಸರದಲ್ಲಿ ಹೇಳಿದ್ರೆ ಅದು ಎ ಅಲ್ಲ, ಬಿ1. ಮನುಷ್ಯ ಎಷ್ಟೇ ಒಳ್ಳೆಯವ್ರಾಗಿರ್ಲಿ, ನಿಮ್ಮ ಪರಿಚಯದವ್ರೇ ಆಗಿರ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಉಂಟು, ಕಾಣದೇ ಇದ್ದದ್ದನ್ನು ಕಂಡೆ ಅಂತ ಬರೆಯುದು ಹೇಗೆ.

ಎ ಬರೆಯುವಾಗ: ಮೊದ್ಲು ಯಾರ ಮೀನು

ಒಂದು ಬೋಟು, ನಾಲ್ಕು ಜನ, ಒಂದೇ ಕೂಲರ್. ಒಳಗೆ 11 ಮೀನು, 6 ಕ್ರೋಕರ್, 5 ಸ್ಪಾಟ್. ಯಾವುದು ಯಾರು ಹಿಡಿದದ್ದು ಅಂತ ಅವ್ರಿಗೂ ನೆನಪಿಲ್ಲ. ಇಲ್ಲಿ ಮೊದಲ ಪ್ರಶ್ನೆ, ಬೇರೆ ಬೇರೆ ಮಾಡ್ಲಿಕ್ಕೆ ಆಗ್ತದಾ? ಆಗ್ತದೆ ಅಂದ್ರೆ ಒಬ್ಬೊಬ್ರ ಹೆಸರಲ್ಲಿ ಅವ್ರವ್ರದ್ದು. ಆಗುದಿಲ್ಲ ಅಂದ್ರೆ ಗುಂಪು ಮೀನು, ಆಗ ಕೇಳ್ಬೇಕಾದ ಪ್ರಶ್ನೆ 'ಇದ್ರಲ್ಲಿ ಎಷ್ಟು ಜನ ಹಿಡಿದ ಮೀನು ಉಂಟು'. ಮೂರು ಜನರದ್ದು, ನಾಲ್ಕನೆಯವ್ರಿಗೆ ಒಂದೂ ಸಿಕ್ಕಲಿಲ್ಲ ಅಂತ ಹೇಳಿದ್ರೆ 11 ಮೀನನ್ನು ಒಂದೇ ಸಲ ಬರ್ದು ಪಾಲುದಾರರು 3 ಅಂತ ಹಾಕ್ಬೇಕು, ನಾಲ್ಕನೆಯವ್ರ ಸಂದರ್ಶನವನ್ನು ಸೊನ್ನೆ ಅಂತ ಬೇರೆ ಬರೀಬೇಕು. ಅವಸರದಲ್ಲಿ ಪ್ರತಿಯೊಬ್ರ ಹಾಳೆಯಲ್ಲೂ 11 ಅಂತ ಬರೆದ್ರೆ 44 ಆಯ್ತು, ಇದು ಎಲ್ಲರೂ ಮಾಡುವ ತಪ್ಪು, ನೋಡ್ಲಿಕ್ಕೆ ಸಣ್ಣದು.

ಗುಂಪು ಮಾಡುದು ಕಂಡ ಮೀನಿಗೆ ಮಾತ್ರ. ಬಿಟ್ಟ ಮೀನು, ಕಾಣದ ಮೀನು ಒಬ್ಬೊಬ್ರನ್ನೇ ಕೇಳ್ಬೇಕು, 'ನೀವು ಎಷ್ಟು ಬಿಟ್ರಿ' ಅಂತ. ಬಾಡಿಗೆ ಬೋಟಿನ ಕ್ಯಾಪ್ಟನ್ ಮುಂದೆ ಬಂದು ನಾವು ಎಲ್ಲ ಸೇರಿ 30 ಬಿಟ್ಟೆವು ಅಂತ ಹೇಳ್ತಾರೆ, ನಗ್ತಾ ಥ್ಯಾಂಕ್ಸ್ ಹೇಳಿ ಮತ್ತೆ ಒಬ್ಬೊಬ್ರ ಹತ್ರ ಹೋಗಿ.

ಹೆಸರಿನ ಜಂಜಾಟ

ಅಂಜಲ್ ಅಂತ ನಾವು ಹೇಳುವ ಮೀನಿಗೆ ಕಾರವಾರಕ್ಕೆ ಹೋದ್ರೆ ಇಸ್ವಾಣ. ಮಂಗಳೂರಿನ ಹೋಟೆಲ್ ಮೆನುವಿನಲ್ಲಿ ಅದೇ ಕಿಂಗ್‌ಫಿಶ್. ಈಗ ನಾರ್ತ್ ಕೆರೊಲಿನಾಕ್ಕೆ ಬನ್ನಿ, ಇಲ್ಲಿ ಪುಸ್ತಕದಲ್ಲಿ ಕಿಂಗ್‌ಫಿಶ್ ಅಂದ್ರೆ ಮರಳಿನ ಹತ್ರ ಸಿಕ್ಕುವ ಒಂದು ಸಣ್ಣ ಮೀನು, ಅಂಜಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಇಲ್ಲಿಯ ಜನ ಕಿಂಗ್‌ಫಿಶ್ ಅಂತ ಕರೆಯುದೂ ಇಲ್ಲ, ಸೀ ಮಲೆಟ್ ಅಂತಾರೆ, ವರ್ಜೀನಿಯಾ ಮಲೆಟ್ ಅಂತಾರೆ. ನಿಜವಾದ ಮಲೆಟ್ ಬೇರೆಯೇ ಉಂಟು, ಅದಕ್ಕೆ ಜಂಪಿಂಗ್ ಮಲೆಟ್. ಬರೀ 'ಕಿಂಗ್' ಅಂದ್ರೆ ಮಾತ್ರ ಕಿಂಗ್ ಮ್ಯಾಕೆರೆಲ್, ನಮ್ಮ ಅಂಜಲಿನ ದಾಯಾದಿ. ಊರಲ್ಲಿ ಲೇಡಿಫಿಶ್ ಅಂದ್ರೆ ಕಾಣೆ, ಇಲ್ಲಿ ಲೇಡಿಫಿಶ್ ಅಂದ್ರೆ ಬೇರೆ ಕುಟುಂಬದ್ದೇ ಮೀನು. ಸಣ್ಣ ರೆಡ್ ಡ್ರಮ್‌ಗೆ ಪಪ್ಪಿ ಡ್ರಮ್, ಚೆಸಪೀಕ್ ಕೊಲ್ಲಿ ಕಡೆಯವ್ರಿಗೆ ಸ್ಟ್ರೈಪ್ಡ್ ಬಾಸ್ ಅಂದ್ರೆ ರಾಕ್‌ಫಿಶ್, ಟ್ರೌಟ್ ಅಂದ್ರೆ ಚುಕ್ಕಿ ಇರುವ ಸೀ ಟ್ರೌಟೂ ಆಗಬಹುದು, ಗ್ರೇ ಟ್ರೌಟ್ ಅಂತ ಕರೆಯುವ ವೀಕ್‌ಫಿಶೂ ಆಗಬಹುದು. ಗ್ಯಾಗ್ ಅನ್ನುವ ಗ್ರೂಪರನ್ನು ಎಷ್ಟೋ ಜನ ಬ್ಲ್ಯಾಕ್ ಗ್ರೂಪರ್ ಅಂತಲೇ ಕರೀತಾರೆ, ನಿಜವಾದ ಬ್ಲ್ಯಾಕ್ ಗ್ರೂಪರ್ ಬೇರೆ ಜಾತಿ.

ಹಾಗಾಗಿ ಎ ಮೀನಿಗೆ ಅವ್ರು ಹೇಳಿದ ಹೆಸರು ಬರೆಯುವ ಹಾಗೇ ಇಲ್ಲ, ನಿಮ್ಮ ಕಣ್ಣು ಹೇಳಿದ್ದು ಬರೀಬೇಕು. ಬಿ1, ಬಿ2 ಮೀನಿಗೆ ಮಾತ್ರ ಅವ್ರ ಹೆಸರೇ ಗತಿ, ಆಗ 'ನೀವು ಟ್ರೌಟ್ ಅಂದದ್ದು ಬೆನ್ನಲ್ಲಿ ದುಂಡು ಚುಕ್ಕಿ ಇರುವುದಾ' ಅಂತ ಪುಸ್ತಕದ ಚಿತ್ರ ತೋರಿಸಿ ಕೇಳಿ. ಅವ್ರಿಗೂ ಖಾತ್ರಿ ಇಲ್ಲದಿದ್ರೆ ಕುಟುಂಬದ ಮಟ್ಟಕ್ಕೆ ಬರೆದು ಬಿಡಿ, ಯಾವುದೋ ಫ್ಲೌಂಡರ್ ಅಂತ. ಊಹೆ ಮಾಡಿ ಜಾತಿ ಬರೆದ್ರೆ ಆ ಊಹೆ ಆಮೇಲೆ ಯಾರಿಗೂ ಊಹೆಯಾಗಿ ಕಾಣುದಿಲ್ಲ.

ಫ್ಲೌಂಡರ್ ಬಗ್ಗೆ ಸ್ವಲ್ಪ ಹೇಳ್ತೇನೆ, ನಮ್ಮ ನಂಗಿನ ಹಾಗೆ ಚಪ್ಪಟೆ ಇರ್ತದೆ, ಎರಡೂ ಕಣ್ಣು ಒಂದೇ ಬದಿಗೆ. ಇಲ್ಲಿ ಮುಖ್ಯವಾಗಿ ಮೂರು. ಮೈಮೇಲೆ ಉಂಗುರ ಕಟ್ಟಿದ ಹಾಗೆ ಎದ್ದು ಕಾಣುವ ಐದು ಕಣ್ಚುಕ್ಕಿ ಬಾಲದ ಕಡೆಗೆ ಇದ್ರೆ ಸಮ್ಮರ್ ಫ್ಲೌಂಡರ್, ಮೂರು ಚುಕ್ಕಿ ತ್ರಿಕೋನದ ಹಾಗೆ ಇದ್ರೆ ಗಲ್ಫ್ ಫ್ಲೌಂಡರ್, ಉಂಗುರದ ಚುಕ್ಕಿಯೇ ಇಲ್ಲದಿದ್ರೆ ಸದರ್ನ್. ಮಂಜಿನ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಇದ್ದು ಬಣ್ಣ ಮಾಸಿದಾಗ ಚುಕ್ಕಿ ಹುಡುಕ್ಲಿಕ್ಕೆ ಕಷ್ಟ, ಮೀನನ್ನು ಒಮ್ಮೆ ನೀರಲ್ಲಿ ಅದ್ದಿ ಬೆಳಕಿಗೆ ಓರೆಯಾಗಿ ಹಿಡೀರಿ, ಉಂಗುರದ ಅಂಚು ಕಾಣ್ತದೆ. ಇನ್ನು ಮರಿ ಕಿಂಗ್ ಮ್ಯಾಕೆರೆಲಿಗೂ ಸ್ಪ್ಯಾನಿಷ್ ಮ್ಯಾಕೆರೆಲಿನ ಹಾಗೆ ಹಳದಿ ಚುಕ್ಕಿ ಇರ್ತದೆ, ಚುಕ್ಕಿ ನೋಡಿ ಮೋಸ ಹೋಗಬೇಡಿ, ಮೈಯ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಗೆರೆ ನೋಡಿ. ಎರಡನೇ ಬೆನ್ನುರೆಕ್ಕೆಯ ಕೆಳಗೆ ಆ ಗೆರೆ ಥಟ್ಟಂತ ಕೆಳಗೆ ಬಿದ್ರೆ ಕಿಂಗ್, ಮೆಲ್ಲ ಇಳಿದುಕೊಂಡು ಹೋದ್ರೆ ಸ್ಪ್ಯಾನಿಷ್. ಸ್ಪ್ಯಾನಿಷಿಗೆ ಮೊದಲ ಬೆನ್ನುರೆಕ್ಕೆಯ ಮುಂಭಾಗ ಕಪ್ಪು. ರೆಕ್ಕೆ ಮಡಚಿಕೊಂಡಿರ್ತದೆ, ಬೆರಳಲ್ಲಿ ಎತ್ತಿ ನೋಡ್ಬೇಕು.

ಅಳತೆ ಮತ್ತೆ ತೂಕ

ಮೀನನ್ನು ಬೋರ್ಡಿನ ಮೇಲೆ ಮಲಗಿಸಿ, ಬಾಯಿ ಮುಚ್ಚಿಸಿ, ಮೂತಿಯನ್ನು ತಲೆಹಲಗೆಗೆ ಮೆತ್ತಗೆ ತಾಗಿಸಿ. ಒತ್ತಬೇಡಿ. ಬೆನ್ನು ಸೊಟ್ಟ ಇದ್ರೆ ಕೈಯಲ್ಲಿ ಸವರಿ ನೆಟ್ಟಗೆ ಮಾಡಿ. ಓದುವುದು ಬಾಲದ ತುದಿಗೆ ಅಲ್ಲ, ಬಾಲದ ನಡುವಿಗೆ, ಕವಲು ಇದ್ರೆ ಕವಲಿನ ಒಳಮೂಲೆಗೆ, ಕವಲು ಇಲ್ಲದಿದ್ರೆ ನಡುಗೆರೆಯ ಕೊನೆಗೆ. ಮಿಲಿಮೀಟರಲ್ಲಿ.

ಗಾಳದವ್ರು ಅಳೆಯುದು ಇಂಚಿನಲ್ಲಿ, ಹೆಚ್ಚಿನ ಮೀನನ್ನು ಬಾಲದ ತುದಿಯವರೆಗೆ, ಯಾಕಂದ್ರೆ ಕಾನೂನು ಹಾಗೆ ಉಂಟು. ಇಲ್ಲಿ ರೆಡ್ ಡ್ರಮ್ ಇಟ್ಕೊಳ್ಬೇಕಾದ್ರೆ 18ರಿಂದ 27 ಇಂಚು ಇರ್ಬೇಕು, ದಿನಕ್ಕೆ ಒಂದು. ನೀವು ಮಿಲಿಮೀಟರಲ್ಲಿ ನಡುಬಾಲಕ್ಕೆ ಓದಿ ಹೇಳಿದ್ರೆ ಅವ್ರಿಗೆ ನನ್ನ ಮೀನು ಸಣ್ಣದು ಅಂತ ಹೇಳ್ತಾ ಇದ್ದಾರೆ ಅನ್ನಿಸಿ ಜಗಳ ಆಗುದುಂಟು, ನಮ್ಮ ಅಳತೆ ಬೇರೆ ರೀತಿ, ನಿಮ್ಮ ಮೀನಿಗೆ ಎಂತ ತೊಂದರೆ ಇಲ್ಲ ಅಂತ ಮೊದಲೇ ಹೇಳಿ. ಮತ್ತೆ ಅವ್ರು '20 ಇಂಚು' ಅಂತ ಹೇಳಿದ್ದನ್ನು 25.4ರಿಂದ ಗುಣಿಸಿ 508 ಅಂತ ಬರೆಯುದು ಯಾವತ್ತೂ ಬೇಡ. ಅದು ನೀವು ಅಳೆದದ್ದಲ್ಲ. ಹಾಗೆ ಬರೆದ ಡೇಟಾ ಆಮೇಲೆ ನೋಡಿದ್ರೆ 457, 508, 559 ಅಂತ ಇಂಚಿನ ಮೇಲೇ ಗುಡ್ಡೆ ಬಿದ್ದಿರ್ತದೆ, ಗೊತ್ತಿರುವವ್ರು ಒಂದೇ ನೋಟಕ್ಕೆ ಹಿಡೀತಾರೆ.

ತೂಕಕ್ಕೆ, ಗಾಳಿ ಜೋರಿದ್ರೆ ಕಾರಿನ ಮರೆಗೆ ಹೋಗಿ, ಚೀಲ ಹಾಕಿ ಸೊನ್ನೆಗೆ ತನ್ನಿ, ಮೀನಿನ ಮೇಲಿನ ಮಂಜುಗಡ್ಡೆ ಒರೆಸಿ. ಹೊಟ್ಟೆ ಕೊಯ್ದು ಸ್ವಚ್ಛ ಮಾಡಿದ ಮೀನಿನ ತೂಕ ಪೂರ್ತಿ ತೂಕ ಅಲ್ಲ, ಬರೆಯಬೇಡಿ, ಉದ್ದ ಸಾಕು. ಉದ್ದಕ್ಕೂ ತೂಕಕ್ಕೂ ಹೊಂದಾಣಿಕೆ ಉಂಟಾ ಅಂತ ಅಲ್ಲೇ ಕಣ್ಣಾಡಿಸಿ, 400 ಮಿಲಿಮೀಟರ್ ಮೀನಿಗೆ 7 ಕೆಜಿ ಬಂದ್ರೆ 0.7 ಆಗಿರ್ಬೇಕು, ಮನೆಗೆ ಹೋದ್ಮೇಲೆ ಅಲ್ಲ, ಮೀನು ಎದುರು ಇರುವಾಗಲೇ ನೋಡಿ.

ಕೂಲರಲ್ಲಿ 40 ಮೀನು ಇದ್ರೆ ಎಲ್ಲ ಅಳೀಲಿಕ್ಕೆ ಆಗುದಿಲ್ಲ, ಎಣಿಸುದು ಎಲ್ಲವನ್ನೂ, ಅಳೆಯುದು ಕೈಪಿಡಿಯಲ್ಲಿ ಹೇಳಿದಷ್ಟನ್ನು. ಯಾವುದನ್ನು ಅಂತ ಆರಿಸುವಾಗ ಕೈ ಮೇಲಿರುವ ದೊಡ್ಡದಕ್ಕೇ ಹೋಗ್ತದೆ, ಮಾಲೀಕರೂ ಅದನ್ನೇ ಎತ್ತಿ ಕೊಡ್ತಾರೆ, ಪ್ರೀತಿಯಿಂದ. ಅದನ್ನು ಫೋಟೋಕ್ಕೆ ಹಿಡಿಸಿ, ಖುಷಿ ಪಡಿ, ಆದ್ರೆ ಅಳೀಲಿಕ್ಕೆ ನೋಡದೆ ಕೈ ಹಾಕಿ, ಮೇಲೆ ಕೆಳಗೆ ಮೂಲೆ ಅಂತ ಎಲ್ಲ ಕಡೆಯಿಂದ ತೆಗೀರಿ. ಈ ಅಳತೆಯಿಂದಲೇ ಸರಾಸರಿ ತೂಕ, ಆ ಸರಾಸರಿಯನ್ನೇ ನೀವು ಕಾಣದ ಬಿ1 ಮೀನಿಗೂ ಹಚ್ಚುದು.

ಬಿಟ್ಟ ಮೀನನ್ನು ಕೇಳುದು

ಕೂಲರ್ ಮುಚ್ಚಿದ ಮೇಲೆ ಮಾತು ಮುಗೀತು ಅಂತ ಅವ್ರಿಗೆ ಅನಿಸ್ತದೆ. ನಿಮ್ಮ ಕಷ್ಟದ ಭಾಗ ಆಗ ಶುರು. 'ಇದಲ್ಲದೆ ಇವತ್ತು ನೀವು ಹಿಡಿದು, ನಾನು ನೋಡದೇ ಇದ್ದ ಮೀನು ಉಂಟಾ' ಅಂತ ಕೇಳಿ. ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಎರೆಗೆ ಅಂತ ಬಳಸಿದ್ದು? ಸಣ್ಣದು ಅಂತ ಬಿಟ್ಟದ್ದು? ಬೇಡದ್ದು? ಜನ ಬೇಡದ ಮೀನನ್ನು ಮೀನು ಅಂತಲೇ ಲೆಕ್ಕ ಮಾಡುದಿಲ್ಲ. ಪಿನ್‌ಫಿಶ್, ಟೋಡ್‌ಫಿಶ್, ಸ್ಕೇಟ್, ಸಣ್ಣ ತಾಟೆ ಅಂದ್ರೆ ಶಾರ್ಕು, ಇವೆಲ್ಲ 'ಎಂತ ಸಿಕ್ಕಿಲ್ಲ' ಅನ್ನುವ ಉತ್ತರದ ಒಳಗೆ ಅಡಗಿರ್ತವೆ.

ಒಂದ್ಸಲ ಸಮುದ್ರದೊಳಗೆ ಚಾಚಿದ ಕಟ್ಟೆ, ಅಂದ್ರೆ ಪಿಯರಿನಲ್ಲಿ ಒಬ್ರು ಅಜ್ಜಿ, ಕೈಯಲ್ಲಿ ಹಳೇ ಪೇಂಟಿನ ಬಕೆಟ್, ಒಳಗೆ ಎರಡು ಸ್ಪಾಟ್. ಬೇರೆ ಎಂತ ಇಲ್ಲ ಮಗಾ ಅಂದ್ರು. ಬಿಟ್ಟದ್ದು ಎಂತಾದ್ರೂ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಬೆರಳು ಮಡಚ್ಲಿಕ್ಕೆ ಶುರು ಮಾಡಿದ್ರು, ಬೆಳಿಗ್ಗೆ ಒಂದು ಸಣ್ಣ ಪಪ್ಪಿ ಡ್ರಮ್, ಆಮೇಲೆ ಸ್ಕೇಟ್ ಎರಡು, ಗಾಳದ ದಾರ ಹಾಳು ಮಾಡಿದವು, ಪಿನ್‌ಫಿಶ್ ಐದೋ ಆರೋ, ಅದ್ರಲ್ಲಿ ಒಂದನ್ನು ಕೊಯ್ದು ಎರೆ ಮಾಡಿದೆ. ಎರಡು ಮೀನಿನ ಟ್ರಿಪ್ಪು ಕೊನೆಗೆ ಹತ್ತೋ ಹನ್ನೊಂದೋ ಮೀನಿನದ್ದಾಯ್ತು. ಮಡಚಿದ ಬೆರಳನ್ನು ಕಾಯುವ ತಾಳ್ಮೆ ಇದ್ರೆ ಮಾತ್ರ ಬಿ2 ಸರಿ ಬರ್ತದೆ. ಐದೋ ಆರೋ ಅಂದಾಗ ನೀವು ಆರಿಸಬೇಡಿ, ಯಾವುದು ಹೆಚ್ಚು ಸರಿ ಅನ್ನಿಸ್ತದೆ ಅಂತ ಅವ್ರನ್ನೇ ಕೇಳಿ ಅವ್ರು ಹೇಳಿದ್ದು ಬರೀರಿ. 'ಒಂದು 20, 25' ಅಂದ್ರೆ ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು ಅಂತ ಒಡೆದು ಕೇಳಿದ್ರೆ ದುಂಡು ಸಂಖ್ಯೆ ಕರಗಿ ನಿಜದ ಹತ್ರ ಬರ್ತದೆ.

ಪ್ರತಿ ಜಾತಿಗೂ ಎಂತ ಮಾಡಿದ್ರು ಅಂತ ಒಂದು ಕೋಡ್ ಉಂಟು. ಕಾನೂನು ಪ್ರಕಾರ ಇಟ್ಕೊಳ್ಬಹುದಾಗಿತ್ತು ಆದ್ರೂ ಜೀವಂತ ಬಿಟ್ಟದ್ದು ಒಂದು ಕೋಡ್, ಇಟ್ಕೊಳ್ಳುವ ಹಾಗಿಲ್ಲದ್ದು ಬಿಟ್ಟದ್ದು ಇನ್ನೊಂದು, ತಿನ್ಲಿಕ್ಕೆ, ಎರೆಗೆ, ಮಾರ್ಲಿಕ್ಕೆ, ಸತ್ತದ್ದನ್ನು ಎಸೆದದ್ದು, ಬೇರೆ ಉದ್ದೇಶ ಅಂತ ಹೀಗೆ. ಅಜ್ಜಿಯ ಪಿನ್‌ಫಿಶ್ಶಲ್ಲಿ ಒಂದು ಬಿ1, ಎರೆ. ಉಳಿದವು ಬಿ2. ಒಂದೇ ಜಾತಿ ಎರಡು ಗೆರೆ ಆಗ್ತದೆ, ಅದು ತಪ್ಪಲ್ಲ, ಹಾಗೇ ಆಗ್ಬೇಕು.

ಬಿಟ್ಟ ಮೀನು ಬದುಕಿದೆಯಲ್ಲ, ಅದಕ್ಕೆ ಇಷ್ಟು ಯಾಕೆ ಅಂತ ಕೇಳ್ತಾರೆ. ಅಟ್ಲಾಂಟಿಕ್ಕಿನ ಸ್ಟ್ರೈಪ್ಡ್ ಬಾಸ್ ನೋಡಿ, ಹವ್ಯಾಸಿಗಳು ಹಿಡಿದದ್ರಲ್ಲಿ ಸುಮಾರು ಶೇಕಡಾ 90ನ್ನು ವಾಪಸ್ ಬಿಡ್ತಾರೆ, ಬಿಟ್ಟದ್ರಲ್ಲಿ ಶೇಕಡಾ 9 ಆಮೇಲೆ ಸಾಯ್ತವೆ ಅಂತ ಲೆಕ್ಕ ಮಾಡುವವ್ರು ಹಿಡೀತಾರೆ. 100 ಹಿಡಿದ್ರೆ ಇಟ್ಕೊಂಡದ್ದು 10, ಬಿಟ್ಟ 90ರಲ್ಲಿ ಸತ್ತದ್ದು ಸುಮಾರು 8. ಹತ್ತಿರ ಹತ್ತಿರ ಸಮ. ಬಿ2 ಕೇಳುವಾಗ ಸೋಮಾರಿತನ ಮಾಡಿದ್ರೆ ಸಾವಿನ ಅರ್ಧ ಭಾಗವೇ ಕಾಣದೆ ಹೋಗ್ತದೆ.

ಅವ್ರು ಹೋಗುವ ಮೊದಲು, ಹೋದ ಮೇಲೆ

ಹೋಗುವ ಮೊದಲು ಒಂದ್ಸಲ ಗಟ್ಟಿಯಾಗಿ ಓದಿ ಹೇಳಿ: ಇಷ್ಟು ಸ್ಪಾಟ್ ನಾನು ನೋಡಿದೆ, ಒಂದು ಪಿನ್‌ಫಿಶ್ ಎರೆಗೆ, ಇಷ್ಟು ಬಿಟ್ಟದ್ದು, ಸರಿಯಾ? ಹತ್ತರಲ್ಲಿ ಒಬ್ರಾದ್ರೂ 'ಓ, ಇನ್ನೊಂದು ಇತ್ತು' ಅಂತಾರೆ, ಇಲ್ಲಾ 'ನಾನು ಬಿಟ್ಟದ್ದು ಅಂದದ್ರಲ್ಲಿ ಅದೂ ಸೇರಿತ್ತು' ಅಂತಾರೆ. ಎರಡು ಸಲ ಬಂದದ್ದು ಸಿಕ್ಕಿ ಬೀಳುದು ಇಲ್ಲಿಯೇ.

ಸಂದರ್ಶನ ಮುಗಿದ ಕೂಡ್ಲೇ ಆ ಹಾಳೆ ಮುಗಿಸಿ, ಇನ್ನೊಬ್ರ ಹತ್ರ ಹೋಗುವ ಮೊದಲು. ಸಂಜೆ ಮನೆಗೆ ಹೋಗಿ ತುಂಬ್ತೇನೆ ಅಂದ್ರೆ ಮೂರನೇ ಬೋಟಿನ ಮೀನು ಐದನೇ ಬೋಟಿಗೆ ಹೋಗಿರ್ತದೆ. ಉತ್ತರ ಸಿಕ್ಕದ ಜಾಗ ಖಾಲಿ ಬಿಡಿ ಅಥವಾ ಉತ್ತರ ಕೊಟ್ಟಿಲ್ಲ ಅನ್ನುವ ಕೋಡ್ ಹಾಕಿ, ಸೊನ್ನೆ ಹಾಕಬೇಡಿ. ಸೊನ್ನೆ ಅಂದ್ರೆ ಕೇಳಿದೆ, ಇಲ್ಲ ಅಂದ್ರು ಅಂತ ಅರ್ಥ. ಟ್ಯಾಬ್ಲೆಟ್ ಕೆಲವೊಮ್ಮೆ ಇಷ್ಟು ಉದ್ದದ ಮೀನು ಇರ್ಲಿಕ್ಕೆ ಸಾಧ್ಯ ಇಲ್ಲ ಅಂತ ಕೆಂಪು ಗೆರೆ ತೋರಿಸ್ತದೆ. ಮೀನು ಇನ್ನೂ ಅಲ್ಲೇ ಇದ್ರೆ ಮತ್ತೊಮ್ಮೆ ಅಳೆಯಿರಿ, ಅದೇ ಬಂದ್ರೆ ಅದನ್ನೇ ಉಳಿಸಿ, ಪಕ್ಕದಲ್ಲಿ 'ಎರಡು ಸಲ ಅಳೆದಿದೆ' ಅಂತ ಬರೆದು ಫೋಟೋ ತೆಗೀರಿ. ಕೆಂಪು ಗೆರೆ ಹೋಗ್ಲಿ ಅಂತ ಸಂಖ್ಯೆ ಬದಲಾಯಿಸಿದ್ರೆ ಅಪರೂಪದ ದೊಡ್ಡ ಮೀನುಗಳೆಲ್ಲ ಡೇಟಾದಿಂದ ಮಾಯ.

6 ಗಂಟೆ ಮುಗಿದ ಮೇಲೆ ಕಾರಲ್ಲಿ ಕೂತು ಕೌಂಟರಿನ ಸಂಖ್ಯೆ ನೋಡಿ. ಮಾತಾಡಿದವ್ರು, ಬೇಡ ಅಂದವ್ರು, ತಪ್ಪಿ ಹೋದವ್ರು ಕೂಡಿಸಿದ್ರೆ ಒಟ್ಟು ಹೋದವ್ರ ಸಂಖ್ಯೆಗೆ ಸಮ ಬರ್ಬೇಕು. ಬಾರದಿದ್ರೆ ಸಮ ಮಾಡ್ಲಿಕ್ಕೆ ಹೋಗಬೇಡಿ. ವ್ಯತ್ಯಾಸ ಎಷ್ಟು, ಯಾವ ಹೊತ್ತಿನಲ್ಲಿ ಆಗಿರಬಹುದು ಅಂತ ಟಿಪ್ಪಣಿಯಲ್ಲಿ ಬರ್ದು, ತಕ್ಕಡಿ ತೊಳೆದು, ಬೋರ್ಡಿನ ಗುರುತಿನ ಸಂದಿಯಲ್ಲಿ ಸಿಕ್ಕಿದ ಪೊರೆ ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ತಿಕ್ಕಿ ಇಡಿ, ಒಣಗಿದ್ರೆ ನಾಳೆ ಮಿಲಿಮೀಟರ್ ಗೆರೆ ಕಾಣುದಿಲ್ಲ.